ಸಾವಿರ ಕೋರುಗಳ ನಡುವೆ ಸೋದರಮಾವನ ಆಯೇರಿ

ಸೇಡಂನ ಕಾಲೇಜೊಂದರಲ್ಲಿ ನಾನು ಪ್ಯಾರಲಲ್ ಕಂಪ್ಯೂಟಿಂಗ್ ಪಾಠ ಮಾಡುತ್ತೇನೆ. ದೊಡ್ಡ ಕೆಲಸವನ್ನು ಚೂರುಚೂರು ಮಾಡಿ, ನೂರಾರು ಪ್ರೊಸೆಸರುಗಳಿಗೆ ಹಂಚಿ, ಏಕಕಾಲಕ್ಕೆ ಮುಗಿಸುವ ಮಹಾವಿದ್ಯೆ ಅದು. ಪಾಠ ಮಾಡುತ್ತೇನೆ ಎಂದೆನೇ ಹೊರತು ಎಂದಾದರೂ ಮಾಡಿ ನೋಡಿದ್ದೇನೆ ಎನ್ನಲಿಲ್ಲ. ಆ ಕೊರತೆ ನೀಗಲೆಂದೇ ಈ ಬೇಸಿಗೆಯಲ್ಲಿ ಒಂದು ಗ್ರಾಫಿಕ್ಸ್ ಕಾರ್ಡು ತಂದು ಮನೆಯ ಕಂಪ್ಯೂಟರಿಗೆ ಕೂರಿಸಿದೆ. ಅದರೊಳಗೆ ಸಾವಿರಾರು ಕೋರುಗಳು. ಒಂದೊಂದೂ ಪುಟ್ಟ ಪ್ರೊಸೆಸರು, ಒಂದೊಂದೂ ಹೇಳಿದ ಕೆಲಸಕ್ಕೆ ತಯಾರಾಗಿ ನಿಂತ ಆಳು. ಇಷ್ಟು ಆಳುಗಳ ಯಜಮಾನ ಒಂದು ನಲ್ಲಿ ರಿಪೇರಿ ಮಾಡಿಸಲಾರ ಎಂಬುದು ನನ್ನ ಹೆಂಡತಿ ಮಹಾದೇವಿಯ ಆರೋಪ.

ಆಳುಗಳಿಗೆ ಕೆಲಸ ತಾನಾಗಿಯೇ ಒದಗಿತು. ಚಿತ್ತಾಪುರದಲ್ಲಿರುವ ಮಹಾದೇವಿಯ ಅಣ್ಣ ಶಿವಶರಣಪ್ಪ ಮಗಳ ಮದುವೆ ಮಾಡಿದ್ದ. ವಿಡಿಯೋ ತೆಗೆದವನು ತೆಗೆದದ್ದನ್ನು ಹಾಗೆಯೇ ಕೈಗಿಟ್ಟು, ತಿದ್ದಿ ಅಂದಗೊಳಿಸಿ ಕೊಡಬೇಕಾದರೆ ಲಗ್ನದ ಸೀಜನ್ ಮುಗಿಯುವವರೆಗೆ ಕಾಯಿರಿ ಎಂದುಬಿಟ್ಟಿದ್ದ. ಆದರೆ ಬರುವ ರವಿವಾರವೇ ಕಾಳಗಿಯ ಬೀಗರು ಊಟಕ್ಕೆ ಬರುವವರಿದ್ದರು. ಅವರ ಜೊತೆಗೆ ಮದುಮಗಳ ಸೋದರಮಾವ, ಮುಧೋಳದ ಮಲ್ಲಣ್ಣ.

ಈ ಮಲ್ಲಣ್ಣ ಸಾಮಾನ್ಯರಲ್ಲ. ನಮ್ಮ ಕಡೆ ಮದುವೆಯಲ್ಲಿ ನೆಂಟರಿಗೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದಕ್ಕೆ ಆಯೇರಿ ಎನ್ನುತ್ತಾರೆ. ಹಿಂದೊಮ್ಮೆ ಇದೇ ಮನೆಯ ಮದುವೆಯಲ್ಲಿ ಅವರಿಗಿಂತ ಮೊದಲು ಮತ್ತಾರಿಗೋ ಆಯೇರಿ ಆಯಿತೆಂದು ಮುನಿಸಿಕೊಂಡವರು ವರ್ಷಗಟ್ಟಲೆ ಈ ಕಡೆ ತಲೆಹಾಕಿರಲಿಲ್ಲ. ಈ ಸಲ ಮೊದಲ ಆಯೇರಿ ನಿಮಗೇ ಎಂದು ಕೈಮುಗಿದು ಕರೆತಂದಿದ್ದರು. ಹಾಗೆಯೇ ಮಾಡಿದ್ದರು ಕೂಡ.

"ವಿಡಿಯೋದಾಗ ಅದು ಬೀಗರ ಮುಂದ ಚೆಂದಾಗಿ ಕಂಡ್ರ ಸಾಕು ನೋಡ್ರಿ ಮಾಸ್ತರ್, ಮಲ್ಲಣ್ಣ ಮತ್ತ ಜನ್ಮದಾಗ ಸಿಟ್ಟಾಗಂಗಿಲ್ಲ," ಎಂದ ಶಿವಶರಣಪ್ಪ.

ಒಂದು ಸಂಜೆಯ ಕೆಲಸ, ನನಗೆ ಬಿಡಿ ಎಂದೆ!

ಇಂಥದ್ದಕ್ಕೆ ಸಿದ್ಧ ಸಾಫ್ಟ್‌ವೇರುಗಳಿವೆ. ಆದರೆ ಉಪನ್ಯಾಸಕನಾದವನು ಸಿದ್ಧವಾದದ್ದನ್ನು ಬಳಸಿದರೆ ವಿದ್ಯೆಗೆ ಅವಮಾನವಲ್ಲವೇ? ನಾನೇ ಪ್ರೋಗ್ರಾಂ ಬರೆದೆ. ಇಡೀ ಮದುವೆಯನ್ನು ಚೂರು ಮಾಡಿದೆ. ಕೈತೊಳೆಯುವವರು, ಚಪ್ಪಲಿ ಹುಡುಕುವವರು ಮುಂತಾದ ಚೂರುಗಳಿಗೆ ಬರೀ ಬೆಳಕು ತಿದ್ದಿದರೆ ಸಾಕು. ತಾಳಿ ಕಟ್ಟುವ ಚೂರಿಗೆ ಮೇಲಿಂದ ಹೂಮಳೆ. ಮಲ್ಲಣ್ಣನವರ ಆಯೇರಿಗೆ ಹೂಮಳೆ, ತಲೆಯ ಸುತ್ತ ಬಂಗಾರದ ಪ್ರಭೆ, ಮೇಲೆ ನಿಧಾನಗತಿ. ದೇವರಿಗೂ ಇಷ್ಟು ಅಲಂಕಾರ ಮಾಡಿದವನಲ್ಲ ನಾನು.

ಕಾರ್ಡು ಹಿಟ್ಟಿನ ಗಿರಣಿಯ ಹಾಗೆ ಮೊರೆಯತೊಡಗಿತು. ಹೊರಗೆ ಸೇಡಂನ ಬಿಸಿಲು, ಒಳಗೆ ಅದರ ಕಾವು. ಮನೆಗಿದ್ದ ಒಂದೇ ಕೂಲರನ್ನು ಅದರ ಮುಂದೆ ತಿರುಗಿಸಿಟ್ಟೆ. ಮಹಾದೇವಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ತನ್ನ ಬಾಣಂತನದಲ್ಲೂ ನಾನು ಇಷ್ಟು ಕಾಳಜಿ ತೋರಿಸಿರಲಿಲ್ಲ ಎಂದು ನೆನಪಿಸಿದಳು. ನಾನು ವಿಜ್ಞಾನಕ್ಕಾಗಿ ಬೆವರಿದೆ. ಕತ್ತಲಾಗುವ ಮೊದಲೇ ವಿಡಿಯೋ ಸಿದ್ಧವಾಯಿತು!

"ಒಮ್ಮಿ ಹಚ್ಚಿ ನೋಡ್ರಿ, ಮಂದಿ ಮುಂದ ಫಜೀತಿ ಆಗಬಾರದು," ಎಂದಳು ಅವಳು. ಎರಡು ಎರಡು ನಾಲ್ಕು ಎಂದು ಬರೆದ ಮೇಲೆ ಬೆರಳು ಎಣಿಸಿ ನೋಡುವವನು ನಾನಲ್ಲ ಎಂದುಬಿಟ್ಟೆ.

ರವಿವಾರ ಚಿತ್ತಾಪುರದ ಪಡಸಾಲೆ ತುಂಬಿತ್ತು. ಎದುರಿಗೆ ದೊಡ್ಡ ಟಿವಿ, ಪಕ್ಕದಲ್ಲಿ ನನಗೆ ಉಡುಗೊರೆ ಕೊಡಲೆಂದು ತಟ್ಟೆಯಲ್ಲಿಟ್ಟ ಶಾಲು ಮತ್ತು ಹೊಸ ಧೋತರ. ನಾನು ವಿನಯದಿಂದ ಅವುಗಳ ಕಡೆ ನೋಡದೆ ಗುಂಡಿ ಒತ್ತಿದೆ.

ಮೊದಲು ಜನ ಉಂಡು ಕೈತೊಳೆದರು. ಆಮೇಲೆ ಮದುಮಗಳು ತಾಯಿಯನ್ನು ತಬ್ಬಿ ಅತ್ತು ಕಾರು ಹತ್ತಿದಳು. ಕಾರು ಹೋದ ಮೇಲೆ ಮದುಮಗ ಬಾಜಾಭಜಂತ್ರಿಯೊಡನೆ ಬಂದಿಳಿದ. ಕಾಳಗಿಯ ಹಿರಿಯರೊಬ್ಬರು ಕನ್ನಡಕ ಏರಿಸಿ, ನಮ್ಮ ಹುಡುಗ ಬರುವ ಮೊದಲೇ ಊಟ ಮುಗಿಸಿದ್ದಿರೇನು ಎಂದು ಬಹಳ ಸಮಾಧಾನದಿಂದ ಕೇಳಿದರು.

ಆಗ ಹೊಳೆಯಿತು. ಸಾವಿರಾರು ಕೋರುಗಳಿಗೆ ಕೆಲಸ ಹಂಚಿದ್ದೆ, ಸರಿ. ಮುಗಿದ ಚೂರುಗಳನ್ನು ಮೊದಲಿದ್ದ ಕ್ರಮದಲ್ಲಿ ಜೋಡಿಸು ಎಂದು ಹೇಳುವುದನ್ನೇ ಮರೆತಿದ್ದೆ! ಯಾವುದು ಮೊದಲು ಮುಗಿಯಿತೋ ಅದು ಮುಂದೆ. ಅಲಂಕಾರವಿಲ್ಲದವು ಓಡಿ ಬಂದಿದ್ದವು. ಹಾಗಾದರೆ ಅತಿ ಹೆಚ್ಚು ಅಲಂಕಾರ ಮಾಡಿಸಿಕೊಂಡವರು? ಕರೆಂಟಾದರೂ ಹೋಗಲೆಂದು ಬೇಡಿಕೊಂಡೆ. ದಿನವೂ ಹೋಗುವ ಕರೆಂಟು ಅಂದು ಹೋಗಲಿಲ್ಲ.

ಪರದೆಯ ಮೇಲೆ ಎಲ್ಲರಿಗೂ ಆಯೇರಿಯಾಯಿತು. ಅಡುಗೆಯವನಿಗಾಯಿತು, ಕಾರಿನ ಡ್ರೈವರನಿಗಾಯಿತು, ಬ್ಯಾಂಡಿನವರಿಗೂ ಆಯಿತು. ತಾಳಿ ಕಟ್ಟಿದ್ದೂ ಆಯಿತು. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಬಂಗಾರದ ಪ್ರಭೆಯೊಳಗೆ ಮಲ್ಲಣ್ಣ ಪ್ರತ್ಯಕ್ಷರಾದರು. ನಿಧಾನಗತಿ ಬೇರೆ. ಆ ಅವಮಾನವನ್ನು ಯಾರೂ ತಪ್ಪಿಸಿಕೊಳ್ಳದಂತೆ ಪೂರ್ತಿ ನೋಡಲು ಸಾಕಷ್ಟು ಸಮಯವಿತ್ತು.

ಮಲ್ಲಣ್ಣ ಎದ್ದು ಚಪ್ಪಲಿ ಹುಡುಕತೊಡಗಿದರು. ಶಿವಶರಣಪ್ಪನ ಮುಖ ಸುಣ್ಣದಂತಾಯಿತು. ನನಗೂ ನಿಜವಾಗಿ ಹೆದರಿಕೆಯಾಯಿತು. ಬಾಗಿಲಿಗೆ ಅಡ್ಡ ನಿಂತು ಪ್ಯಾರಲಲ್ ಕಂಪ್ಯೂಟಿಂಗ್ ಪಾಠ ಶುರುಮಾಡಿದೆ. ನಿಮಗೆ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಕೊಟ್ಟದ್ದರಿಂದಲೇ ನೀವು ಎಲ್ಲರಿಗಿಂತ ಹಿಂದೆ ಬಿದ್ದಿರಿ ಎಂದು ವೈಜ್ಞಾನಿಕವಾಗಿ ವಿವರಿಸಿದೆ.

ಮಲ್ಲಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಂದ್ರ ನಿಮ್ಮ ಮಷಿನ್ಯಾಗ ದೊಡ್ಡವರಿಗಿ ಬ್ಯಾಂಡಿನವರ ಹಿಂದ ನಿಲ್ಲಸ್ತಾರೇನ್ರಿ?"

ಮನೆಯ ಮಾನ ಉಳಿಸಿದವಳು ಮಹಾದೇವಿ. ಮಲ್ಲಣ್ಣನವರ ಕೈಹಿಡಿದು, "ಬರ್ರಿ ಮಾವಾ, ಕುಂದ್ರಿ, ಬೀಗರು ಕಣ್ಣಾರೆ ನೋಡ್ಲಿ," ಎಂದು ಕುರ್ಚಿಯ ಮೇಲೆ ಕೂರಿಸಿದಳು. ರವಿವಾರ ಬಟ್ಟೆ ಅಂಗಡಿ ಬಂದ್. ಮನೆಯಲ್ಲಿದ್ದ ಹೊಸ ಬಟ್ಟೆ ಎಂದರೆ ನನ್ನ ತಟ್ಟೆಯದೇ! ಕುಂಕುಮ ಹಚ್ಚಿ, ನನ್ನ ಶಾಲು ಹೊದಿಸಿ, ನನ್ನ ಧೋತರ ಕೊಟ್ಟು, ಬೀಗರ ಎದುರಿಗೇ ಎಲ್ಲರಿಗಿಂತ ಮೊದಲು ಆಯೇರಿ ಮಾಡಿದರು. ಮಲ್ಲಣ್ಣ ಧೋತರದ ಅಂಚು ಮುಟ್ಟಿ ನೋಡಿ, ಮದುವೆಯಲ್ಲಿ ಕೊಟ್ಟದ್ದಕ್ಕಿಂತ ಇದು ಒಳ್ಳೆಯದಿದೆ ಎಂದು ನಕ್ಕರು. ಶಿವಶರಣಪ್ಪ ಉಸಿರು ಬಿಟ್ಟ.

ಊಟದ ಪಂಕ್ತಿ ಕೂತಿತು. ಹೋಳಿಗೆಯ ವಾಸನೆಗೆ ನಾನೂ ಎಲೆಯ ಮುಂದೆ ಕೂರಲು ಹೋದೆ. ಮಹಾದೇವಿ ತಡೆದಳು. "ನೀವು ಕಡೀ ಪಂಕ್ತಿಗಿ ಕುಂದ್ರಿ. ನಿಮಗ ಭಾಳ ಮರ್ಯಾದಿ ಕೊಡೋದದ."

ಅಂದು ಆ ಮನೆಯಲ್ಲಿ ನನಗಿಂತ ಗೌರವಾನ್ವಿತರು ಯಾರೂ ಇರಲಿಲ್ಲ. ನನ್ನ ಸರದಿ ಬಂದಾಗ ಹೋಳಿಗೆ ಮುಗಿದಿತ್ತು.