ಅಣ್ಣನ ರವಿವಾರದ ಸಭೆ

ನನ್ನ ಅಣ್ಣನಷ್ಟು ತಪ್ಪು ಸಭೆಗಳಲ್ಲಿ ಕೂತು ಎದ್ದುಬಂದವನು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಹುಡುಕಿದರೂ ಸಿಗಲಿಕ್ಕಿಲ್ಲ. ಅವನನ್ನು ಸರಿಯಾದ ಸಭೆಗೆ ಮುಟ್ಟಿಸಬೇಕಿದ್ದವನು ನಾನು. ಮುಟ್ಟಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ನಗುವಾಗ ನಾನು ಮುಚ್ಚಿಟ್ಟಂತಾಗಬಾರದು.

ಅಣ್ಣನ ಪರಿಚಯವೆಂದರೆ ಅವನ ಕಂಬಳಿಯ ಪರಿಚಯ. ಕುಲಗೋಡದಲ್ಲಿ ಕುರಿ ಕಾಯುವ ಮನೆತನ ನಮ್ಮದು. ಕಂಬಳಿಯ ಮೇಲೆ ಕೂತವನು ಸುಳ್ಳು ಹೇಳಬಾರದು ಎಂಬುದು ನಮ್ಮ ಮನೆಯ ಕಟ್ಟು. ಅಪ್ಪನ ಕಾಲದ ಆ ಕರಿ ಕಂಬಳಿ ಸುಡುಬೇಸಿಗೆಯಲ್ಲೂ ಅಣ್ಣನ ಹೆಗಲ ಮೇಲೆಯೇ. ಒಮ್ಮೆ ಬಸ್ಸಿನ ಕಂಡಕ್ಟರ್, "ಯಜಮಾನ್ರ, ಇದಕ್ಕೂ ಟಿಕೀಟ ತಗೀಬೇಕಾಕ್ಕೈತಿ" ಎಂದ. ಅಣ್ಣ, "ತಗೀರಿ. ನನಗಿಂತ ಹಿರೇದೈತಿ, ರಿಯಾಯ್ತಿ ಕೊಡ್ರಿ" ಎಂದ.

ಕುಡಿಯಲು ಹೊರಟಾಗ ಮಾತ್ರ ಅದನ್ನು ಮಡಚಿ ಗೂಟಕ್ಕೆ ಹಾಕುತ್ತಿದ್ದ. ಕುಡಿದ ಬಾಯಲ್ಲಿ ಅದರ ಮೇಲೆ ಕೂಡ್ರಬಾರದಂತೆ. ಹೀಗಾಗಿ ಅಣ್ಣನ ಹೆಂಡತಿ, ನಮ್ಮ ವೈನಿ, ಎಂದೂ ಗಂಡನ ಬಾಯಿ ಮೂಸಿದವಳಲ್ಲ. ಗೂಟ ನೋಡುತ್ತಿದ್ದಳು. ಕಂಬಳಿ ಅಲ್ಲಿದ್ದರೆ ಅಂದು ಗಂಡನ ಪಾಲಿನ ರೊಟ್ಟಿ ಬಡಿಯುತ್ತಿರಲಿಲ್ಲ.

ಹೋದ ವರ್ಷ ಹೊಟ್ಟೆನೋವೆಂದು ಘಟಪ್ರಭಾದ ದವಾಖಾನೆಗೆ ಹೋದಾಗ ನರ್ಸಬಾಯಿಯೊಬ್ಬಳು ಅವನಿಗೆ ಚೀಟಿ ಕೊಟ್ಟಳು. "ಕುಡಿಯೂದು ಬಿಟ್ಟಾರು ವಾರಕ್ಕೊಮ್ಮೆ ಕೂಡ್ತಾರ. ಎಲ್ಲಿ ಅಂತ ಇದರಾಗ ಬರದೇನಿ, ಯಾರ ಕಡೆನರ ಓದಿಸ್ಕೋ." ಅಣ್ಣನಿಗೆ ಓದು ಬರದು. ನಾನು ಏಳನೆಯ ತನಕ ಕಲಿತ ದರ್ಜಿ. ಮನೆಯಲ್ಲಿ ಪಂಡಿತ ನಾನೇ. ಚೀಟಿ ನನ್ನ ಕೈಗೆ ಬಂತು.

ಗೋಕಾಕದ ಒಂದು ಓಣಿಯ ಹೆಸರು ಅದರಲ್ಲಿತ್ತು. ಅದೇ ಓಣಿಯಿಂದ ನನ್ನ ಮಗಳಿಗೆ ನೆಂಟಸ್ತನ ಬಂದಿತ್ತು. ಅಣ್ಣ ಕುಡಿಯುವುದು ಊರಿಗೆಲ್ಲ ಗೊತ್ತಿತ್ತು. ಬಿಡಲು ಹೊರಟದ್ದು ಬೀಗರಾಗುವವರಿಗೆ ಗೊತ್ತಾಗಬಾರದೆಂದು ನನಗೆ ಅನ್ನಿಸಿತು. ಎಂಥ ಬುದ್ಧಿ ನೋಡಿ!

"ರವಿವಾರ ಮುಂಜಾನಿ ಹತ್ತಕ್ಕ ಅಂತೈತಿ ಅಣ್ಣಾ. ಎಲ್ಲಿ ಅಂತ ಬರದಿಲ್ಲ."

"ಆಕಿ ಬರದೇನಿ ಅಂದಳಲ್ಲೋ?"

"ಮರತಿರಬೇಕು."

ಚೀಟಿಯನ್ನು ನನ್ನ ಅಳತೆ ಪುಸ್ತಕದಲ್ಲಿಟ್ಟೆ. ಮತ್ತೆ ಕೇಳೋಣವೆಂದು ಅಣ್ಣ ಹೋದರೆ ನರ್ಸಬಾಯಿಗೆ ವರ್ಗವಾಗಿತ್ತು. ಸರಿ, ಗೊತ್ತಿರುವುದು ವಾರ, ಗೊತ್ತಿರುವುದು ಹೊತ್ತು. ಅಣ್ಣ ಕಂಬಳಿ ಹೊತ್ತು ರವಿವಾರಕ್ಕೊಂದು ಊರು ಹಿಡಿದ.

ಮೊದಲು ಗೋಕಾಕ. ಬಸ್ ನಿಲ್ದಾಣದ ಪಾನಿನ ಅಂಗಡಿಯಲ್ಲಿ ಕೇಳಿದ: "ಕುಡಿಯೂದು ಬಿಟ್ಟಾರು ಎಲ್ಲಿ ಕೂಡ್ತಾರ್ರಿ?"

"ಕುಡಿಯಾರು ಎಲ್ಲಿ ಕೂಡ್ತಾರ ಕೇಳು ಕಾಕಾ, ಹತ್ತು ಜಾಗಾ ತೋರಸ್ತೇನಿ. ಬಿಟ್ಟಾರು ಯಾಕ ಕೂಡ್ತಾರ? ಮನ್ಯಾಗ ಇರ್ತಾರ."

ಮುಂದೆ ಮೂಡಲಗಿ. ಒಂದು ಕೋಣೆಯಲ್ಲಿ ಹತ್ತು ಗಂಟೆಗೆ ಸರಿಯಾಗಿ ಜನ ಕೂತಿದ್ದರು. ಅಣ್ಣ ಕುರ್ಚಿ ಒಲ್ಲೆನೆಂದು ಕಂಬಳಿ ಹಾಸಿ ಕೂತ. ಪಾಳಿ ಬಂದಾಗ ಹೇಳಿದ: "ನಾ ಕುಡಕ ಅದೇನ್ರಿ. ಮುಟ್ಟಲಾರದ ಇವತ್ತಿಗೆ ಆರು ದಿನಾ ಆತು."

ಅಧ್ಯಕ್ಷರು ಮುಂದಿನ ವಹಿ ತೆರೆದು, "ಚಲೋ ಆತು. ಎಮ್ಮಿ ಎಷ್ಟ ಅದಾವು?" ಎಂದರು. ಅದು ಹಾಲಿನ ಸಂಘದ ಸಭೆ.

"ಎಮ್ಮಿ ಇಲ್ರಿ. ಕುರಿ ಅದಾವು."

"ಕುರಿ ಹಾಲು ನಾವು ಹಾಕಿಸ್ಕೊಳ್ಳೂದಿಲ್ಲಪಾ."

ಊರಿಗೆ ಬಂದು ಅಣ್ಣ ಇದನ್ನು ಹೇಳಿದಾಗ ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ.

ಹುಕ್ಕೇರಿಯಲ್ಲಿ ಜನ ನೆಲದ ಮೇಲೆ ತಲೆ ತಗ್ಗಿಸಿ ಕೂತ ಮನೆ ಸಿಕ್ಕಿತು. ಇದೇ ಇರಬೇಕೆಂದು ಹೊಕ್ಕರೆ ಅದು ಸಾವಿನ ಮನೆ. ಎದ್ದು ಬರಲಾಗದೆ ಅವರ ಜೊತೆ ಅತ್ತು ಬಂದ. "ಸತ್ತಾವ ಕುಡದ ಸತ್ತಾನಂತ" ಎಂದ. "ನನಗಿಂತ ಸಣ್ಣಾವ." ಅಂದು ಕಂಬಳಿ ಗೂಟಕ್ಕೆ ಹೋಯಿತು. ತಿಂಗಳುಗಟ್ಟಲೆ ಕೆಳಗಿಳಿಯಲಿಲ್ಲ.

ಅಷ್ಟರಲ್ಲಿ ಆ ನೆಂಟಸ್ತನ ಮುರಿದಿತ್ತು. ಹುಡುಗನಿಗೆ ಬೇರೆ ಕಡೆ ಮನಸ್ಸಿತ್ತಂತೆ. ಆಗಲಾದರೂ ಚೀಟಿ ತೆಗೆಯಬಹುದಿತ್ತು. ಆದರೆ ತೆಗೆದರೆ ಮೊದಲೇ ಇತ್ತೆಂದು ತಿಳಿಯುತ್ತದಲ್ಲ? ಪುಸ್ತಕ ಮುಚ್ಚಿದೆ.

ಒಂದು ಮುಂಜಾನೆ ವೈನಿ ಗಂಟು ಕಟ್ಟಿಕೊಂಡು ತವರಿಗೆ, ಕೌಜಲಗಿಗೆ ಹೊರಟುಹೋದಳು. ಇನ್ನೂ ಬಂದಿಲ್ಲ. ಅಣ್ಣ ಅವಳನ್ನು ಬೈಯುತ್ತಾನೆಂದುಕೊಂಡಿದ್ದೆ. ಅಣ್ಣ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು, "ಆಕಿದೇನ ತಪ್ಪಿಲ್ಲೋ. ಜಾಗಾ ಸಿಗಲಿಲ್ಲ ನೋಡು" ಎಂದ.

ಮುಂದಿನ ರವಿವಾರ, ಗಿರಾಕಿಯೊಬ್ಬ ವಿಳಾಸ ಹೇಳಿದನೆಂದು ಮತ್ತೊಂದು ಸುಳ್ಳು ಹೇಳಿ ಗೋಕಾಕಕ್ಕೆ ಕರೆದುಕೊಂಡು ಹೋದೆ. ಅಳತೆ ಪುಸ್ತಕದ ಚೀಟಿ ಅಂಗಿಯ ಕಿಸೆಯಲ್ಲಿತ್ತು. ಅಣ್ಣ ಮೊದಲ ದಿನ ಕೇಳಿದ್ದ ಪಾನಿನ ಅಂಗಡಿಯಿಂದ ಮೂರನೆಯ ಓಣಿ. ಒಂದು ಸಣ್ಣ ಕೋಣೆ, ಹತ್ತು ಹನ್ನೆರಡು ಜನ, ಎಲ್ಲರ ಕೈಯಲ್ಲೂ ಚಹಾ. ಅಣ್ಣ ಕಂಬಳಿ ಹಾಸಿದ.

"ನಾ ಕುಡಕ ಅದೇನ್ರಿ. ಇವತ್ತಿಗೆ ಎರಡ ದಿನಾ. ಹಿಂದ ಒಮ್ಮೆ ಆರು ದಿನಾ ಬಿಟ್ಟಿದ್ನಿ, ಹೇಳಾಕ ನೀವು ಸಿಗಲಿಲ್ಲ. ಎಮ್ಮೀ ಸಭಾದಾಗ ಹೇಳಿದ್ನಿ." ಎಲ್ಲರೂ ನಕ್ಕರು. "ಈ ಜಾಗಾ ಹುಡುಕಿ ಕೊಟ್ಟಾವ ಇಂವಾ, ನನ್ನ ತಮ್ಮ. ಶ್ಯಾಣ್ಯಾ ಅದಾನ."

ಅವರು ನನಗಾಗಿ ಚಪ್ಪಾಳೆ ತಟ್ಟಿದರು.

ನಡುವೆ ಕೂತಿದ್ದ ಹಿರಿಯರು, "ಮನಿಯಾವರೂ ಎರಡ ಮಾತು ಆಡಬಹುದ್ರಿ" ಎಂದರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಅಣ್ಣ ಸರಿದು ಜಾಗ ಮಾಡಿ, ಕಂಬಳಿಯ ಮೇಲೆ ಅಂಗೈ ಬಡಿದ. "ಬಾ. ಕುಂಡ್ರು."

ಕೂತೆ. ಕಿಸೆಯಿಂದ ಚೀಟಿ ತೆಗೆದು ಅವನ ಮುಂದಿಟ್ಟೆ.

"ಅಣ್ಣಾ, ಇದರಾಗ ಜಾಗಾ ಬರದಿತ್ತು. ನಾ ಓದಿ ಹೇಳಲಿಲ್ಲ. ವರ್ಷಾತು, ನನ್ನ ಕಡೆನ ಐತಿ. ತಪ್ಪಾತೋ ಅಣ್ಣಾ."