ಟ್ಯಾಂಕಿನ ಮೌಖಿಕ ಪರೀಕ್ಷೆ

ಹೆಣ್ಣುಮಕ್ಕಳು ಇಂಜಿನಿಯರ್ ಆಗಬೇಕು ಎನ್ನುವ ವಿಷಯದಲ್ಲಿ ನಮ್ಮ ಭೌತಶಾಸ್ತ್ರದ ಮೇಷ್ಟ್ರಷ್ಟು ಕಟ್ಟಾ ಮನುಷ್ಯ ಇನ್ನೊಬ್ಬರಿಲ್ಲ. ಒಂದೇ ಒಂದು ಷರತ್ತು: ಆ ಹೆಣ್ಣುಮಕ್ಕಳು ಬೇರೆಯವರ ಮನೆಯವರಾಗಿರಬೇಕು.

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಪಾಠ ಹೇಳಿದ ಮೇಷ್ಟ್ರು ಎಷ್ಟೋ ಅಪ್ಪಂದಿರ ಮನೆಗೆ ತಾವಾಗಿಯೇ ಹೋಗಿ, ಜಪ್ಪಯ್ಯ ಎಂದರೂ ಕುರ್ಚಿಯಿಂದ ಏಳದೆ ಕೂತು, ಹುಡುಗಿಯನ್ನು ಸೈನ್ಸಿಗೆ ಸೇರಿಸುತ್ತೇನೆ ಎಂದು ಅವರ ಬಾಯಲ್ಲಿ ಹೇಳಿಸಿಯೇ ಎದ್ದು ಬಂದವರು. ಆದರೆ ಸ್ವಂತ ಮಗಳು ಮೆಕ್ಯಾನಿಕಲ್ ಇಂಜಿನಿಯರಿಂಗ್ ಅರ್ಜಿ ತಂದು ಸಹಿ ಕೇಳಿದಾಗ ಅವರ ನಾಲಿಗೆ ಬೇರೆ ದಿಕ್ಕಿಗೆ ಹೊರಳಿತು. ಗ್ರೀಸು, ಬೋಲ್ಟು, ಸುತ್ತಿಗೆ, ಸುತ್ತ ನಲವತ್ತು ಗಂಡುಹುಡುಗರು. ಇರುವ ಒಬ್ಬಳೇ ಮಗಳನ್ನು ಅದರ ನಡುವೆ ನಿಲ್ಲಿಸಿ ನೋಡಿದರೆ ಅವರಿಗೆ ಎದೆ ಝಲ್ಲೆನ್ನುತ್ತಿತ್ತು. ಬಿ.ಕಾಂ. ಮಾಡಲಿ, ಹಟವಿದ್ದರೆ ಕಂಪ್ಯೂಟರ್ ತಗೊಳ್ಳಲಿ, ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸ ಎಂದರು. ಅರ್ಜಿಯ ಮೊದಲ ಪುಟದಲ್ಲಿ ‘ಮೆಕ್ಯಾನಿಕಲ್’ ಎಂಬ ಪದ ಕಂಡದ್ದೇ ತಡ, ಮುಂದೆ ಓದದೆ ಅದನ್ನು ಡಿಕ್ಷನರಿಯ ಕೆಳಗೆ ತಳ್ಳಿದರು. ಅದಾಗಿ ಮೂರು ದಿನ. ಅರ್ಜಿ ಕೊಡಲು ಇವತ್ತೇ ಕೊನೆ.

ಇವತ್ತೇ ಬೆಳಿಗ್ಗೆ ಹತ್ತಕ್ಕೆ ಶಾಲೆಯಲ್ಲಿ ಸಭೆ ಬೇರೆ. ‘ವಿಜ್ಞಾನದಲ್ಲಿ ಹೆಣ್ಣುಮಕ್ಕಳು: ಪೋಷಕರೇ, ತಡೆಯಬೇಡಿ’ ಎಂದು ಮೇಷ್ಟ್ರ ಭಾಷಣ. (ಶೀರ್ಷಿಕೆ ಅವರದ್ದೇ. ಅದನ್ನು ಓದಿದ ಹೆಂಡತಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟರು.)

ಹಿಂದಿನ ದಿನ ಇನ್ನೊಂದು ಪ್ರಸಂಗ ನಡೆದಿತ್ತು. ನಲ್ಲಿಯಲ್ಲಿ ಒಂದು ಸಣ್ಣ ಹುಳ ಬಂತು. ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ಗಾಳಿ ತೂತಿಗೆ ಜಾಲರಿ ಕಟ್ಟಿದರೆ ಸಾಕು ಎಂದು ಮಗಳು ಏಣಿ ತಂದಳು. ಹೆಣ್ಣುಹುಡುಗಿ ಏಣಿ ಹತ್ತುವುದು ಬೇಡ ಎಂದು ಅಪ್ಪ ಏಣಿ ಕಿತ್ತುಕೊಂಡರು. ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಮೇಲೆ ಹತ್ತಿ, ಜಾಲರಿಯಂಥ ಅರೆಬರೆ ವ್ಯವಸ್ಥೆಗಳನ್ನು ಧಿಕ್ಕರಿಸಿ, ಮುಚ್ಚಳದ ಸುತ್ತ ಟೇಪು ಸುತ್ತಿದರು. ಗಾಳಿ ತೂತಿಗೆ ಪ್ಲಾಸ್ಟಿಕ್ ಕವರು, ನೀರು ತುಂಬಿ ಹೊರಚೆಲ್ಲುವ ಪೈಪಿಗೆ ಬಟ್ಟೆ ತುರುಕಿ ಮತ್ತೊಂದು ಕವರು. ಇನ್ನು ಹುಳವಲ್ಲ, ಹುಳದ ನೆರಳೂ ಒಳಗೆ ಹೋಗುವುದಿಲ್ಲ ಎಂದು ಎದೆಯುಬ್ಬಿಸಿಕೊಂಡು ಇಳಿದರು.

ಬೆಳಿಗ್ಗೆ ನಲ್ಲಿ ಯಾಕೋ ಸಣ್ಣಗೆ ಬರುತ್ತಿದೆ ಎಂದು ಹೆಂಡತಿ ಅಂದರು. ಮೇಷ್ಟ್ರು ಕಿವಿಗೆ ಹಾಕಿಕೊಳ್ಳದೆ ಬಚ್ಚಲಿಗೆ ಹೋದರು. ಒಂದು ಚೊಂಬು ಸುರಿದುಕೊಂಡು, ಭಾಷಣದ ಮೊದಲ ಪ್ಯಾರಾ ಒಪ್ಪಿಸುತ್ತಾ ತಲೆಯಿಂದ ಕಾಲಿನವರೆಗೆ ಸೋಪು ಹಚ್ಚಿದರು. ಆಮೇಲೆ ನಲ್ಲಿ ತಿರುಗಿಸಿದರೆ ನಾಲ್ಕು ಹನಿ ಬಿತ್ತು, ಗುಳುಗುಳು ಎಂದಿತು, ನಿಂತಿತು.

ಮೊದಲು ಹೆಂಡತಿಯನ್ನು ಕರೆದರು. ಮನೆಯ ಯಾವ ನಲ್ಲಿಯಲ್ಲೂ ನೀರಿಲ್ಲ, ಕುಡಿಯೋದಕ್ಕೆ ಒಂದು ಕೊಡ ಇದೆ, ಅದನ್ನು ನಿಮ್ಮ ಸೋಪಿಗೆ ಕೊಡಲಾರೆ ಎಂದು ಉತ್ತರ ಬಂತು. ಪ್ಲಂಬರ್‌ಗೆ ಫೋನ್ ಹೋಯಿತು. ಅವನು ಮಧ್ಯಾಹ್ನ ಬರುವುದಾಗಿ ಹೇಳಿ, ಮಗಳು ಮನೆಯಲ್ಲಿಲ್ಲವಾ, ಅವಳನ್ನೇ ಕೇಳಬಹುದಲ್ಲ ಎಂದನಂತೆ. ಗಂಟೆ ಒಂಬತ್ತೂ ಹತ್ತು. ನೊರೆ ಕಣ್ಣಿಗೆ ಇಳಿಯತೊಡಗಿತ್ತು.

ಮಗಳು ಬಚ್ಚಲ ಬಾಗಿಲಾಚೆ ಬಂದು ನಿಂತಳು.

"ಅಪ್ಪ, ನೀರು ಒಮ್ಮೆಲೇ ನಿಂತಿತಾ, ಸಣ್ಣಗಾಗ್ತಾ ಬಂದು ನಿಂತಿತಾ?"

"ಸಣ್ಣಗಾಗ್ತಾ. ಕಣ್ಣು ಉರೀತಿದೆ ಕಣೇ."

"ಟ್ಯಾಂಕ್ ತುಂಬಿದೆ, ಪೈಪ್ ಚೆನ್ನಾಗಿದೆ. ಆದ್ರೂ ನೀರು ಕೆಳಗೆ ಬರ್ತಿಲ್ಲ. ಯಾಕಿರಬಹುದು, ಹೇಳಿ ನೋಡೋಣ."

ಮೌಖಿಕ ಪರೀಕ್ಷೆಯಲ್ಲಿ ಸಾವಿರಾರು ಹುಡುಗಿಯರ ಬೆವರಿಳಿಸಿದ ಮೇಷ್ಟ್ರು ಈಗ ಚೊಂಬನ್ನು ಅಡ್ಡ ಹಿಡಿದು ನಿಂತಿದ್ದರು. ಗುರುತ್ವಾಕರ್ಷಣೆ ಎಂದೇನೋ ತೊದಲಿದರು.

"ಅದು ಇದೆ ಅಪ್ಪ. ಈಗ ತಾನೇ ನಿಮ್ಮ ಸೋಪು ಬಿದ್ದ ಸದ್ದು ಕೇಳಿಸ್ತು. ಸರಿ, ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಯಾಕೆ ಸರಿಯಾಗಿ ಸುರಿಯಲ್ಲ?"

ಈ ಉತ್ತರ ಅವರಿಗೆ ಬಾಯಿಪಾಠ. ವರ್ಷಕ್ಕೆ ಮೂರು ಸೆಕ್ಷನ್ನಿಗೆ ಡಬ್ಬ ತೋರಿಸಿಯೇ ಹೇಳುತ್ತಿದ್ದರು. "ಒಳಗಿನ ಒತ್ತಡ ಕಡಿಮೆಯಾಗುತ್ತೆ. ಗಾಳಿ ಒಳಗೆ ಹೋಗೋಕೆ ಇನ್ನೊಂದು ತೂತು..." ಎಂದು ಹೊರಟವರು ಅರ್ಧಕ್ಕೇ ನಿಂತರು. ನಿನ್ನೆ ತಾವೇ ಸುತ್ತಿದ ಟೇಪು ನೆನಪಾಯಿತು.

"ಏಣಿ ಹತ್ತಲಾ? ಬೇಡ ಅಂದಿದ್ರಲ್ಲ."

"ಹತ್ತು ತಾಯಿ."

ಮೊದಲು ಸಹಿ, ಆಮೇಲೆ ನೀರು ಅನ್ನು ಎಂದು ಅಡಿಗೆಮನೆಯಿಂದ ಹೆಂಡತಿ ಮಗಳಿಗೆ ಸಲಹೆ ಕೊಟ್ಟರು. ಕಣ್ಣುರಿ ಪಡುವವರ ಹತ್ತಿರ ಚೌಕಾಸಿ ಮಾಡುವುದು ಸರಿಯಲ್ಲ ಎಂದು ಮಗಳು ಹೇಳಿದ್ದು ಮೇಷ್ಟ್ರಿಗೆ ಕೇಳಿಸಿತು. ಸೋಪಿಗಿಂತ ಆ ಮಾತೇ ಹೆಚ್ಚು ಉರಿಯಿತು. ಏಣಿಯ ಮೆಟ್ಟಿಲು ಒಂದೊಂದಾಗಿ ಕಿರ್ರೆಂದಾಗ ಅವರು ಉಸಿರು ಬಿಗಿಹಿಡಿದು ಎಣಿಸಿದರು. ಅವಳ ಕಾಲು ಜಾರಲಿಲ್ಲ.

ಮೇಲಿಂದ ವರದಿ ಬಂತು: ಟ್ಯಾಂಕಿನ ಹೊಟ್ಟೆ ಬೆನ್ನಿಗೆ ಅಂಟಿಕೊಂಡಿದೆ, ಯಾರೋ ಅದರ ಮೂಗು ಬಾಯಿ ಎರಡನ್ನೂ ಕಟ್ಟಿದ್ದಾರೆ. ಯಾರೋ ಅಲ್ಲ ಎಂದು ಕೆಳಗಿನಿಂದ ಹೆಂಡತಿ ತಿದ್ದಿದರು. ಟೇಪು ಕಿತ್ತ ಸದ್ದು, ಭುಸ್ ಎಂದು ಗಾಳಿ ನುಗ್ಗಿದ ಸದ್ದು, ಢಬ್ ಎಂದು ಟ್ಯಾಂಕು ಮತ್ತೆ ಮೈದುಂಬಿದ ಸದ್ದು. ನಲ್ಲಿಯಲ್ಲಿ ನೀರು ಧೋ ಎಂದು ಸುರಿಯಿತು.

ಒಂಬತ್ತೂವರೆಗೆ ಮೇಷ್ಟ್ರು ಪೆಚ್ಚು ಮೋರೆ ಹೊತ್ತು ಹೊರಬಂದರು. ಅವರಿಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಊರಿನವರ ಮಕ್ಕಳಿಗೆಲ್ಲ ಕೊಟ್ಟ ಧೈರ್ಯವನ್ನು ತಮ್ಮ ಮಗಳೊಬ್ಬಳಿಗೆ ಕೊಡಲಿಲ್ಲವಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಡಿಕ್ಷನರಿ ಎತ್ತಿ ಅರ್ಜಿ ತೆಗೆದರು, ಮೊದಲ ಸಲ ಎರಡನೇ ಪುಟಕ್ಕೆ ತಿರುಗಿಸಿದರು.

‘ಈ ಕೋರ್ಸ್ ಆರಿಸಿಕೊಳ್ಳಲು ನಿಮಗೆ ಪ್ರೇರಣೆ ಯಾರು?’ ಎಂದಿತ್ತು. ಎದುರಿಗೆ ಮಗಳ ದುಂಡಗಿನ ಅಕ್ಷರ: ‘ನನ್ನ ತಂದೆ.’

ಮೂರು ದಿನದಿಂದ ಇದು ಇಲ್ಲೇ ಇತ್ತು. ಮೇಷ್ಟ್ರು ಕಣ್ಣು ಒರೆಸಿಕೊಂಡರು, ಯಾರೂ ಕೇಳದಿದ್ದರೂ ಸೋಪು, ಸೋಪು ಎಂದರು. ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಮುಕ್ತಾಯ ಎಲ್ಲಿ ಸಿಕ್ಕೀತು ಎಂದುಕೊಂಡು ಹೆಂಡತಿಯನ್ನು ಕರೆದು ಗಟ್ಟಿಯಾಗಿ ಓದಿ ತೋರಿಸಿದರು. ಹೆಂಡತಿ ಮೂರು ದಿನದ ಮುಂಚೆಯೇ ಓದಿದ್ದರು. ಮುಂದಿನ ಸಾಲನ್ನೂ ಓದಿ ಎಂದರು.

ಮುಂದಿನ ಪ್ರಶ್ನೆ, ‘ಹೇಗೆ ಎಂದು ಒಂದು ವಾಕ್ಯದಲ್ಲಿ ವಿವರಿಸಿ.’

‘ಅವರು ರಿಪೇರಿ ಮಾಡಿದ್ದನ್ನೆಲ್ಲ ಮತ್ತೆ ರಿಪೇರಿ ಮಾಡುತ್ತಾ ನಾನು ಬೆಳೆದೆ.’

ಮೇಷ್ಟ್ರು ಅಭ್ಯಾಸಬಲದಿಂದ ತಪ್ಪು ಹುಡುಕಿದರು. ಒಂದೂ ಸಿಗಲಿಲ್ಲ. ಅದರ ಕೆಳಗೆ ‘ಮೇಲಿನ ವಿವರಗಳೆಲ್ಲ ಸತ್ಯವೆಂದು ದೃಢೀಕರಿಸುತ್ತೇನೆ’ ಎಂದು ಅಚ್ಚಾಗಿತ್ತು, ಪಕ್ಕದಲ್ಲಿ ಪೋಷಕರ ಸಹಿಗೆ ಖಾಲಿ ಜಾಗ. ಮಗಳು ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟಳು. ಮೇಷ್ಟ್ರು ದೃಢೀಕರಿಸಿದರು.