ತಾರೀಖು ಕೇಳುವ ಕಲೆ

ಕೋರ್ಟಿನಲ್ಲಿ ತಾರೀಖು ಕೇಳುವುದರಲ್ಲಿ ನನ್ನನ್ನು ಮೀರಿಸುವ ಕಾರಕೂನ ಇಡೀ ಇಂಡಿ ತಾಲೂಕಿನಲ್ಲಿ ಇರಲಿಲ್ಲ. ಇದು ಜಂಬವಲ್ಲ, ತಪ್ಪೊಪ್ಪಿಗೆ. ವಕೀಲ ಸಾಹೇಬರಿಗೆ ಜ್ವರ, ಸಾಕ್ಷಿದಾರನ ಎತ್ತು ಕಳೆದಿದೆ, ಕಕ್ಷಿದಾರನ ಸೋದರತ್ತೆ ತೀರಿಕೊಂಡಿದ್ದಾಳೆ ಎಂದೆಲ್ಲ ಅರ್ಜಿ ಬರೆದು ಕೇಸು ಮುಂದಕ್ಕೆ ಹಾಕಿಸುವುದೇ ನನ್ನ ಹೊಟ್ಟೆಪಾಡು. ಒಬ್ಬಳೇ ಸೋದರತ್ತೆಯನ್ನು ಮೂರು ಸಲ ಕೊಂದಿದ್ದೇನೆ. ಮೂರನೆಯ ಸಲ ಕೋರ್ಟಿನ ಬೇವಿನ ಮರದಡಿ ನನಗೆ ಮಜ್ಜಿಗೆ ಕೊಟ್ಟವಳು ಅವಳೇ.

ಎಪ್ಪತ್ತರ ದಶಕದ ಮೊದಲಿಗೆ ನಾನು ಕಾರಕೂನನಾಗಿದ್ದ ವಕೀಲ ಸಾಹೇಬರಿಗೆ ಪಾರ್ಲಿಮೆಂಟಿನ ಟಿಕೆಟ್ಟು ಸಿಕ್ಕಿತು. ಜೀಪಿನಲ್ಲಿ ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸುತ್ತಿ, "ನಮ್ಮ ಸಾಹೇಬ್ರು ಬಡವರ ಕೇಸು ಎಂದೂ ಕೈಬಿಟ್ಟಿಲ್ರಿ" ಎಂದು ಗಂಟಲು ಹರಿದುಕೊಂಡೆ. ಸುಳ್ಳೇನಲ್ಲ, ಕೇಸು ಮುಗಿದರಲ್ಲವೇ ಕೈಬಿಡುವ ಮಾತು. ಸಾಹೇಬರು ಗೆದ್ದರು. ಅವರ ಕೇಸುಗಳೆಲ್ಲ ಬೇರೆ ವಕೀಲರ ಪಾಲಾದವು, ನನ್ನ ತಂಗಿ ಗೋದಾವರಿಯದೊಂದು ಬಿಟ್ಟು. ಗಂಡನೂರಾದ ಹೊರ್ತಿಯಲ್ಲಿ ಅವನು ಸತ್ತ ಮೇಲೆ ಮೈದುನರು ಅವಳನ್ನು ಮನೆಯಿಂದ ಹೊರಗೆ ಹಾಕಿದ್ದರು. ಆ ಮನೆಯಲ್ಲಿ ಮಲಗಲೊಂದು ಖೋಲಿಯ ಹಕ್ಕಿಗಾಗಿ ಅವಳ ದಾವೆ. "ಇದು ನಮ್ಮ ಮನಿ ಕೇಸು. ದಿಲ್ಲಿಯಿಂದ ಬಂದು ನಾನ ನಡಸ್ತೇನಿ" ಎಂದರು ಸಾಹೇಬರು. ನನ್ನ ಎದೆ ಉಬ್ಬಿತು.

"ಅಣ್ಣಾ, ಬ್ಯಾರೆ ವಕೀಲರನ್ನ ಹಿಡಿಯೂಣು" ಎಂದಳು ಗೋದಾವರಿ. ಪಾರ್ಲಿಮೆಂಟ್ ಮೆಂಬರೇ ನಿನ್ನ ವಕೀಲರಿರುವಾಗ ಬೇರೆಯವರೇಕೆ ಎಂದು ಅವಳ ಬಾಯಿ ಮುಚ್ಚಿಸಿದೆ. ಈಗ ಯಾರ ಅತ್ತೆಯನ್ನೂ ಕೊಲ್ಲಬೇಕಿರಲಿಲ್ಲ. ವಕೀಲರು ದೇಶದ ಕೆಲಸದಲ್ಲಿದ್ದಾರೆ ಎಂದು ಬರೆದರೆ ಸಾಕು, ತಾರೀಖು ಸಿಗುತ್ತಿತ್ತು. ಹೀಗೇ ಎರಡು ವರ್ಷ ನಡೆಯಿತು. ನ್ಯಾಯಾಧೀಶರು ಇದೇ ಕೊನೆಯ ತಾರೀಖು ಎಂದಾಗ ಹೆದರಿ ದಿಲ್ಲಿಗೆ ಪತ್ರ ಹಾಕಿದೆ. ಟೈಪು ಮಾಡಿದ ಉತ್ತರ ಬಂತು: ತಮ್ಮ ಪತ್ರ ತಲುಪಿದೆ, ವಿಷಯ ಕೋರ್ಟಿನಲ್ಲಿರುವುದರಿಂದ ತಮ್ಮ ವಕೀಲರನ್ನು ಕಾಣತಕ್ಕದ್ದು. ಕೆಳಗೆ ನಮ್ಮ ವಕೀಲರದೇ ಸಹಿ. ಆ ತಾರೀಖಿಗೆ ವಾದಿಸುವವರಿಲ್ಲದೆ ದಾವೆ ವಜಾ ಆಯಿತು. ಹೊರ್ತಿಯ ಮನೆಗೆ ಮೈದುನರು ಹೊಸ ಬೀಗ ಹಾಕಿದರು. ಗೋದಾವರಿ ನಮ್ಮ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಹಾಸಿಗೆ ಹಾಸಿಕೊಂಡಳು. ಸಾಹೇಬರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎದುರಿಗೆ ಸಿಕ್ಕರೆ ಹೇಳಬೇಕಾದ್ದನ್ನೆಲ್ಲ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ.

ಮುಂದಿನ ಚುನಾವಣೆ ಬಂದಾಗ ಸಾಹೇಬರು ನಮ್ಮ ಮನೆಗೇ ಬಂದರು. ಕುರ್ಚಿಯಲ್ಲಿ ಕುಳಿತು, "ತಂಗಿ ಕೇಸು ಎಲ್ಲಿಗಿ ಬಂತೋ?" ಎಂದು ಕೇಳಿದರು. ಗೋದಾವರಿ ಎರಡು ಕಪ್ಪು ಚಹಾ ಹಿಡಿದು ಬಾಗಿಲಲ್ಲೇ ನಿಂತಳು.

"ತಾರೀಖು ಐತ್ರಿ ಸಾಹೇಬ್ರ" ಎಂದೆ.

ಅವಳು ಸಾಹೇಬರಿಗೆ ಒಂದು ಕಪ್ಪು ಕೊಟ್ಟು, ಇನ್ನೊಂದನ್ನು ಒಳಗೆ ಒಯ್ದಳು. ಅವರು ಹೋದ ಮೇಲೆ ನನ್ನ ಚಹಾ ಎಲ್ಲಿ ಎಂದು ಕೇಳಿದೆ.

"ಅದಕ್ಕೂ ತಾರೀಖು ಐತಿ ಅಣ್ಣಾ" ಎಂದಳು.